ನಿಲ್ಲುವ ವಿದ್ಯೆ

ಹೊಸ ಕಾರು ಮನೆಗೆ ಬಂದ ಶುಕ್ರವಾರ ಬಸವನಗುಡಿಯ ಆ ಅಡ್ಡರಸ್ತೆಯಲ್ಲಿ ಒಂದು ಸಣ್ಣ ಜಾತ್ರೆಯೇ ನೆರೆದಿತ್ತು. ಮಳೆಮೋಡದ ಬಣ್ಣ, ನೆಲಕ್ಕೆ ಎದೆಯೂರಿ ಮಲಗಿದ ಪ್ರಾಣಿಯಂತಹ ಆಕಾರ, ಎರಡೇ ಬಾಗಿಲು, ಎರಡೇ ಆಸನ. ಎದುರುಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಕನ್ನಡಕವನ್ನು ಮೇಲಕ್ಕೇರಿಸಿ ನೋಡಿ, ಇಂತಹ ಸಂದರ್ಭದಲ್ಲಿ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಎಷ್ಟು ಕೊಡುತ್ತೆ?" ಊರೊಳಗೆ ಲೀಟರಿಗೆ ಆರೋ ಏಳೋ ಎಂಬ ಉತ್ತರ ಬಂದಾಗ ಕನ್ನಡಕವನ್ನು ಕೆಳಗಿಳಿಸಿ ಮಳೆಯ ವಿಷಯ ತೆಗೆದರು. ಮನೆಯ ಹಿರಿಯಾಕೆ ನಾಲ್ಕು ಗಾಲಿಗಳ ಕೆಳಗೂ ನಿಂಬೆಹಣ್ಣು ಇರಿಸಿ, ಕುಂಬಳಕಾಯಿ ನಿವಾಳಿಸಿ, ಆರತಿ ಎತ್ತಿ ಮುಗಿದ ಮೇಲೆ ಒಳಗೆ ಇಣುಕಿ ನೋಡಿ ಗಾಬರಿಗೊಂಡರು.

"ಇದೇನೋ ಇದು, ಎರಡೇ ಸೀಟು! ನಾವೆಲ್ಲ ಎಲ್ಲಿ ಕೂತ್ಕೊಳ್ಳೋದು?"

ಮಗನಲ್ಲಿ ಉತ್ತರವಿರಲಿಲ್ಲ. ಸೊಸೆ ನಗು ತಡೆಯಲಾರದೆ ಮುಖ ತಿರುಗಿಸಿದಳು.

ತಂದೆ ಮಾತ್ರ ವರಾಂಡದ ಬೆತ್ತದ ಕುರ್ಚಿಯಿಂದ ಏಳಲಿಲ್ಲ. ರಾಜ್ಯ ಸಾರಿಗೆಯ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡಿ ನಿವೃತ್ತರಾದವರು ಅವರು. ನೆರೆದವರೆಲ್ಲ ಚೆದುರಿದ ಮೇಲೆ ಮೆಲ್ಲನೆ ಇಳಿದು ಬಂದು ಬಾನೆಟ್ ಎತ್ತಿಸಿದರು. ಅಲ್ಲಿ ಇಂಜಿನ್ ಇರಲಿಲ್ಲ. ಎರಡು ಕೈಚೀಲ ಹಿಡಿಸುವಷ್ಟು ಗುಳಿಯೊಂದಿತ್ತು. ಇಂಜಿನ್ ಆಸನಗಳ ಬೆನ್ನ ಹಿಂದೆ, ಕಾರಿನ ನಡುವಿನಲ್ಲಿ ಇದೆಯೆಂದೂ, ನಾಲ್ಕು ಲೀಟರಿನದೆಂದೂ, ಆರು ಸಿಲಿಂಡರೆಂದೂ, ಶಕ್ತಿ ಸುಮಾರು ನಾನೂರು ಕುದುರೆಯದೆಂದೂ ಮಗ ವಿವರಿಸಿದ.

"ನಮ್ಮ ಬಸ್ಸಿಗೆ ನೂರಹತ್ತು ಕುದುರೆ" ಎಂದರು ತಂದೆ. "ಅದರಲ್ಲಿ ಅರವತ್ತು ಜನ ಹೋಗ್ತಿದ್ರು." ಅಷ್ಟು ಹೇಳಿ ಮತ್ತೆ ಕುರ್ಚಿಗೆ ಹೋಗಿ ಪತ್ರಿಕೆ ಬಿಡಿಸಿದರು. ಕಾರಿನಲ್ಲಿ ಕೂರಲಿಲ್ಲ. ಮುಂದಿನ ನಾಲ್ಕು ತಿಂಗಳೂ ಕೂರಲಿಲ್ಲ.

ಬೆಂಗಳೂರಿನಲ್ಲಿ ಇಂತಹ ವಾಹನವನ್ನು ಸಾಕುವುದೆಂದರೆ ಪಡಸಾಲೆಯಲ್ಲಿ ಜೂಜಿನ ಕುದುರೆಯನ್ನು ಕಟ್ಟಿಕೊಂಡಂತೆ. ನಾಲ್ಕೈದು ಸೆಕೆಂಡಿನಲ್ಲಿ ಗಂಟೆಗೆ ನೂರು ಕಿಲೋಮೀಟರ್ ಮುಟ್ಟಬಲ್ಲ ಯಂತ್ರ ಲಾಲ್‌ಬಾಗಿನ ಪಶ್ಚಿಮದ ಬಾಗಿಲಿನಿಂದ ಸಿಲ್ಕ್ ಬೋರ್ಡಿನವರೆಗೆ ಹೋಗಲು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಬೀದಿಯ ಉಬ್ಬುಗಳಾದರೋ ಇದರ ಹೊಟ್ಟೆ ಸವರಲೆಂದೇ ಹುಟ್ಟಿದವು. ಒಂದು ಸೈಟಿನ ಬೆಲೆ ತೆತ್ತು ಕೊಂಡ ಕಾರನ್ನು ಎರಡನೆಯ ಗೇರಿನಲ್ಲಿ ಓಡಿಸುವುದು ಯಾರಿಗಾದರೂ ಕೊರಗಿನ ಸಂಗತಿಯೇ. ರಾತ್ರಿ ಹನ್ನೆರಡರ ಮೇಲೆ ವರ್ತುಲ ರಸ್ತೆಯಲ್ಲಿ ಆ ಕೊರಗು ತೀರಿಸಿಕೊಳ್ಳುವವರೂ ಇದ್ದಾರೆ. ಅವರ ಮೋಜಿನ ದಂಡವನ್ನು ಆ ಹೊತ್ತಿನಲ್ಲಿ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಮರಳುವ ಯಾರೋ ತೆರಬೇಕಾಗಿ ಬಂದೀತು. ಈ ಮನೆಯ ಮಗನಿಗೆ ಅಷ್ಟು ವಿವೇಕವಿತ್ತು. ಆತ ಹಿಡಿದದ್ದು ಬೇರೆಯ ದಾರಿ.

ಆ ದಾರಿಗೆ ಇಂಗ್ಲೆಂಡಿನವರು ಇಟ್ಟ ಹೆಸರು ಟ್ರ್ಯಾಕ್ ಡೇ. ಓಟದ ಪಂದ್ಯಗಳಿಗೆಂದೇ ಕಟ್ಟಿದ ಮಾರ್ಗವನ್ನು ಒಂದು ದಿನದ ಮಟ್ಟಿಗೆ ಶುಲ್ಕ ಕೊಟ್ಟ ಸಾಮಾನ್ಯ ಕಾರುಗಳಿಗೆ ತೆರೆದುಕೊಡುತ್ತಾರೆ. ಇದು ಪಂದ್ಯವಲ್ಲ. ಗೆದ್ದವರಿಲ್ಲ, ಸೋತವರಿಲ್ಲ, ಬಹುಮಾನವಂತೂ ಇಲ್ಲವೇ ಇಲ್ಲ. ಹದಿನೈದು ಇಪ್ಪತ್ತು ನಿಮಿಷಗಳ ಸರದಿಗಳಲ್ಲಿ ಓಡಿಸಿ ಬರುವುದಷ್ಟೆ. ಮುಂದಿನವನು ಕೈ ಮಾಡಿ ದಾರಿ ತೋರಿಸಿದ ಹೊರತು ಹಿಂದಿನವನು ಅವನನ್ನು ದಾಟುವಂತಿಲ್ಲ. ಅದೂ ನೇರವಾದ ಹಾದಿಯಲ್ಲಿ ಮಾತ್ರ. ಹಳದಿ ಬಾವುಟ ಕಂಡರೆ ನಿಧಾನಿಸಬೇಕು, ಕೆಂಪು ಕಂಡರೆ ಸರದಿ ನಿಂತಂತೆ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗಿನಲ್ಲಿ ಸುಮಾರು 20.8 ಕಿಲೋಮೀಟರ್ ಉದ್ದದ ಕಾಡುಹಾದಿಯಿದೆ. 1927ರಲ್ಲಿ ತೆರೆದಂದಿನಿಂದಲೂ ಸುಂಕ ತೆತ್ತ ಸಾಮಾನ್ಯರಿಗೆ ಅಲ್ಲಿ ಪ್ರವೇಶವುಂಟು. ನಮ್ಮಲ್ಲಿ ಈ ಹವ್ಯಾಸ ತೀರ ಈಚಿನದು. ದೆಹಲಿಯ ಬಳಿ ಬುದ್ಧ ಸರ್ಕೀಟ್ ಇದೆ. 2011ರಿಂದ 2013ರವರೆಗೆ ಜಗತ್ತಿನ ಅತಿವೇಗದ ಕಾರುಗಳು ಓಡಿದ ಸ್ಥಳ. ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಬೆಂಗಳೂರಿನವರಿಗೆ ಅನುಕೂಲವಾದದ್ದು ಶ್ರೀಪೆರುಂಬುದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈ. ಮದರಾಸಿನ ಮೋಟಾರು ಉತ್ಸಾಹಿಗಳು ಮೊದಲು ಶೋಳಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನದ ಓಡುದಾರಿಯ ಮೇಲೆ ಪಂದ್ಯ ನಡೆಸುತ್ತಿದ್ದರು. 1990ರ ಸುಮಾರಿಗೆ ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಮಾರ್ಗ ಸಿದ್ಧವಾಯಿತು. ಉದ್ದ ಸುಮಾರು 3.7 ಕಿಲೋಮೀಟರ್, ತಿರುವುಗಳು ಹನ್ನೆರಡು. ಬೆಂಗಳೂರಿನಿಂದ ಮುನ್ನೂರು ಕಿಲೋಮೀಟರ್ ಪ್ರಯಾಣ. ಬೆಳಗಿನ ಜಾವ ಹೊರಟು ಓಡಿಸಿ ರಾತ್ರಿಗೆ ಮರಳಬಹುದು.

ಹೊಸ ಇಂಜಿನ್ನಿನ ಪಳಗಿಕೆಗೆ ಮೊದಲ ಮೂರು ಸಾವಿರ ಕಿಲೋಮೀಟರ್ ಮೀಸಲು. ಅಲ್ಲಿಯ ತನಕ ಅದನ್ನು ಅರಚಿಸಬಾರದೆಂದು ಕಾರಿನ ಕೈಪಿಡಿ ವಿಧಿಸಿತ್ತು. ಆ ಅವಧಿಯಲ್ಲಿ ಮಗ ಕಾರನ್ನು ಓಡಿಸಿದ್ದಕ್ಕಿಂತ ಅದರ ವಿಷಯ ಓದಿದ್ದೇ ಹೆಚ್ಚು. ಸ್ನೇಹಿತರ ಸಲಹೆಗೂ ಬರವಿರಲಿಲ್ಲ. ಒಬ್ಬ ಹೊಗೆಕೊಳವೆ ಬದಲಾಯಿಸು ಎಂದ. ಇಪ್ಪತ್ತು ಕುದುರೆ ಹೆಚ್ಚುತ್ತದಂತೆ. ಇನ್ನೊಬ್ಬ ಹಿಂದುಗಡೆ ದೊಡ್ಡ ರೆಕ್ಕೆಯೊಂದನ್ನು ಕೂರಿಸಲು ಹೇಳಿದ. ಕಡೆಗೆ ಆ ಮಾರ್ಗದಲ್ಲಿ ಇಪ್ಪತ್ತು ವರ್ಷ ಓಡಿಸಿ ಈಗ ಹೊಸಬರಿಗೆ ಕಲಿಸುವ ಹಿರಿಯರೊಬ್ಬರನ್ನು ದೂರವಾಣಿಯಲ್ಲಿ ವಿಚಾರಿಸಿದ್ದಾಯಿತು. ಅವರು ಎಲ್ಲವನ್ನೂ ಕೇಳಿಸಿಕೊಂಡು, ತಮಿಳು ಬೆರೆತ ಕನ್ನಡದಲ್ಲಿ, "ಓಡೋದಕ್ಕೆ ಏನೂ ಮಾಡಬೇಡಿ ಸರ್. ನಿಲ್ಲೋದಕ್ಕೆ ಮಾಡಿ" ಎಂದರು.

ಆ ಮಾತಿನ ಹಿಂದಿರುವ ಲೆಕ್ಕ ಪ್ರೌಢಶಾಲೆಯ ಮಕ್ಕಳೂ ಮಾಡಬಲ್ಲಂಥದು. ಚಾಲಕನೂ ಸೇರಿ ಕಾರಿನ ತೂಕ 1,500 ಕಿಲೋಗ್ರಾಂ ಎನ್ನೋಣ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಬಂದು, ತಿರುವಿಗೆ ಮೊದಲು 80ಕ್ಕೆ ಇಳಿಯಬೇಕು. ಆ ನಾಲ್ಕೈದು ಸೆಕೆಂಡಿನಲ್ಲಿ ಕಳೆಯಬೇಕಾದ ಚಲನಶಕ್ತಿ ಆರು ಲೀಟರ್ ತಣ್ಣೀರನ್ನು ಕೊತಕೊತ ಕುದಿಯುವ ಮಟ್ಟಕ್ಕೆ ತರಲು ಸಾಕು. ಅದರ ಬಹುಪಾಲು ನಾಲ್ಕು ಕಬ್ಬಿಣದ ತಟ್ಟೆಗಳಲ್ಲಿ ಶಾಖವಾಗಿ ಇಳಿಯುತ್ತದೆ. ಒಂದು ಸುತ್ತಿನಲ್ಲಿ ಇಂತಹ ಬಲವಾದ ತಡೆ ಮೂರು ನಾಲ್ಕು ಕಡೆ. ಎರಡು ನಿಮಿಷಕ್ಕೊಂದು ಸುತ್ತು. ಹದಿನೈದು ನಿಮಿಷ ಬಿಡುವಿಲ್ಲ. ಮದುವೆಮನೆಯ ಬಚ್ಚಲ ಹಂಡೆಗೂ ಇಷ್ಟು ಉರಿ ಬೀಳುವುದಿಲ್ಲ.

ಶಾಖ ತಟ್ಟೆಯಲ್ಲೇ ಉಳಿದರೆ ಚಿಂತೆಯಿಲ್ಲ. ಅದು ಮೆಲ್ಲಮೆಲ್ಲನೆ ಬ್ರೇಕ್ ಆಯಿಲಿಗೆ ಸೇರುತ್ತದೆ. ಪಾದದ ಒತ್ತಡವನ್ನು ಗಾಲಿಯವರೆಗೆ ಒಯ್ಯುವ ದ್ರವ ಅದು. ದ್ರವವನ್ನು ಅದುಮಿ ಕುಗ್ಗಿಸಲಾಗದು. ಆದ್ದರಿಂದಲೇ ಅದು ಒತ್ತಡ ಒಯ್ಯುವ ನಂಬಿಕೆಯ ಆಳು. ಆದರೆ ಅದಕ್ಕೊಂದು ದೌರ್ಬಲ್ಯ ಉಂಟು: ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯಬಾರದೆಂಬುದು ಮಾನದಂಡ. ಅದರಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟು ನೀರೂ ಸೇರಿರದಿದ್ದರೂ ಈ ಮಿತಿ 155ಕ್ಕೆ ಇಳಿಯುತ್ತದೆ. ಒಮ್ಮೆ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆವಿ ಕುಗ್ಗುವ ವಸ್ತು. ಆಗ ಪೆಡಲ್ ಒತ್ತಿದರೆ ಹತ್ತಿಯ ದಿಂಬನ್ನು ಒತ್ತಿದಂತೆ. ಕಾಲು ನೆಲ ಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಇದು ಮಗನಿಗೆ ಪುಸ್ತಕದ ವಿಷಯವಾಗಿ ಮಾತ್ರ ಉಳಿದಿರಲಿಲ್ಲ. ಹಿಂದಿನ ವರ್ಷ ಅವನ ಕಚೇರಿಯ ಸಹೋದ್ಯೋಗಿಯೊಬ್ಬ ಹೊಸ ಕಾರನ್ನು ಮಳಿಗೆಯಿಂದ ತಂದ ಹಾಗೆಯೇ ಇಂತಹ ಮಾರ್ಗವೊಂದಕ್ಕೆ ಒಯ್ದಿದ್ದ. ಮೂರನೆಯ ಸರದಿಯಲ್ಲಿ, ನೇರದಾರಿಯ ಕೊನೆಯಲ್ಲಿ, ಪೆಡಲ್ ಸದ್ದಿಲ್ಲದೆ ಕೆಳಗಿಳಿಯಿತು. ಟೈರುಗಳ ರಾಶಿಗೆ ಗುದ್ದಿದ ಕಾರು ಲಾರಿಯ ಮೇಲೇರಿ ಊರಿಗೆ ಬಂತು. ಸಹೋದ್ಯೋಗಿ ಮುರಿದ ಕೊರಳೆಲುಬಿನೊಂದಿಗೆ ಹಿಂದಿನ ಬಸ್ಸಿನಲ್ಲಿ ಬಂದ. ಖಾಸಗಿ ಕಾರಿನ ವಿಮೆಯಲ್ಲಿ ಪಂದ್ಯ, ವೇಗಪರೀಕ್ಷೆ ಮುಂತಾದುವಕ್ಕೆ ರಕ್ಷಣೆ ಇಲ್ಲವೆಂದು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ಒಂದು ಕಾಸೂ ಬರಲಿಲ್ಲ. ಆಸ್ಪತ್ರೆಯಲ್ಲಿ ಅವನನ್ನು ನೋಡಲು ಹೋದವರಲ್ಲಿ ಈ ಮನೆಯ ಸೊಸೆಯೂ ಒಬ್ಬಳು.

ಆದ್ದರಿಂದ ಗಂಡ ವಿಷಯ ತೆಗೆದ ರಾತ್ರಿ ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಏಳು ವರ್ಷದ ಮಗಳು ಪಕ್ಕದಲ್ಲಿ ನಿದ್ದೆಹೋಗಿದ್ದಳು. ಕಡೆಗೆ, "ಬೇಡ ಅಂದ್ರೆ ನೀವು ಬಿಡ್ತೀರ. ಆದ್ರೆ ಬಿಟ್ಟಿದ್ದನ್ನ ಹತ್ತು ವರ್ಷ ನೆನಪಿಟ್ಕೋತೀರ" ಎಂದಳು. "ಹೋಗಿ ಬನ್ನಿ. ಒಂದೇ ಮಾತು. ಮಾವನೋರಿಗೆ ಸುಳ್ಳು ಹೇಳ್ಬೇಡಿ."

ಸುಳ್ಳು ಹೇಳುವುದು ಬೇರೆ, ಹೇಳದೆ ಇರುವುದು ಬೇರೆ ಎಂಬ ತರ್ಕವನ್ನು ಗಂಡಸರು ಇಂತಹ ಹೊತ್ತಿಗೆಂದೇ ಕಾದಿರಿಸಿರುತ್ತಾರೆ. ಮುಂದಿನ ಭಾನುವಾರ ಬೆಳಿಗ್ಗೆ ಮಗ ಕಾರನ್ನು ಜಾಕಿಯ ಮೇಲೆತ್ತಿ, ಗಟ್ಟಿಯಾದ ಆಧಾರಗಳ ಮೇಲೆ ಕೂರಿಸಿ, ಗಾಲಿಗಳನ್ನು ಬಿಚ್ಚಿದ. ಹಳೆಯ ಆಯಿಲನ್ನು ಹೊರಹಾಕಿ ಹೊಸದನ್ನು ತುಂಬಿ, ಕೊಳವೆಗಳಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ಮಾಡುವ ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಒಳಗೆ ಪೆಡಲ್ ಒತ್ತಲು, ಇನ್ನೊಬ್ಬ ಗಾಲಿಯ ಬಳಿ ತಿರುಪು ಸಡಿಲಿಸಲು. ಬರುತ್ತೇನೆಂದಿದ್ದ ಸ್ನೇಹಿತ ಬರಲಿಲ್ಲ. ವರಾಂಡದಲ್ಲಿ ತಂದೆ ಪತ್ರಿಕೆಯ ಹಿಂದಿನಿಂದ ಎಲ್ಲವನ್ನೂ ನೋಡುತ್ತಿದ್ದರು.

"ಅಪ್ಪ, ಬ್ರೇಕ್ ಆಯಿಲ್ ಬದಲಾಯಿಸ್ಬೇಕು. ಸ್ವಲ್ಪ ಪೆಡಲ್ ಒತ್ತಿ ಕೊಡ್ತೀರಾ?"

ತಂದೆ ಪತ್ರಿಕೆ ಮಡಿಸಿಟ್ಟು ಒಳಗೆ ಹೋದರು. ಹೊರಗೆ ಬಂದಾಗ ಪಂಚೆಯ ಬದಲು ಹಳೆಯ ಖಾಕಿ ಷರಾಯಿ ಇತ್ತು, ಕೈಯಲ್ಲಿ ಒಂದು ಮರದ ತುಂಡಿತ್ತು. ಆ ತುಂಡನ್ನು ಪೆಡಲಿನ ಕೆಳಗೆ ಇರಿಸಿದರು. ಪೆಡಲ್ ತೀರ ತಳಕ್ಕೆ ಇಳಿದರೆ ಒಳಗಿನ ರಬ್ಬರಿಗೆ ಏಟಾಗುತ್ತದೆಂಬುದು ಅವರ ಕಾಲದ ಎಚ್ಚರಿಕೆ. ಆಮೇಲೆ, ಆ ಕಾರು ಬಂದ ನಾಲ್ಕು ತಿಂಗಳಲ್ಲಿ ಮೊದಲ ಸಲ, ಅದರ ಆಸನದಲ್ಲಿ ಕುಳಿತರು. ಕುಳಿತರು ಎನ್ನುವುದಕ್ಕಿಂತ ಬಾವಿಗೆ ಇಳಿದಂತೆ ಇಳಿದರು ಎನ್ನಬೇಕು. ಚಪ್ಪಲಿ ಬಿಟ್ಟು ಬರಿಗಾಲಿನಿಂದ ಪೆಡಲನ್ನು ಒಮ್ಮೆ ಸವರಿದರು.

ಪಾತ್ರೆಯಿಂದ ಅತಿ ದೂರದ ಗಾಲಿಯಿಂದ ಆರಂಭಿಸುವುದು ಸಂಪ್ರದಾಯ. ಬಲಗಡೆ ಚಾಲಕನಿರುವ ನಮ್ಮ ಕಾರುಗಳಲ್ಲಿ ಅದು ಎಡಗಡೆಯ ಹಿಂದಿನದು. ತಿರುಪಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇದ್ದ ಸೀಸೆಯಲ್ಲಿ ಮುಳುಗಿಸಿ, ಮಗ ಕೂಗಿದ.

"ಒತ್ತಿ."

"ಒತ್ತಿದೆ."

ತಿರುಪು ಸಡಿಲಿಸಿದಾಗ ಹಳೆಯ ಆಯಿಲ್ ಜಾರಿತು. ಬಿಗಿದ. "ಬಿಡಿ."

"ಬಿಟ್ಟೆ."

ಒತ್ತಿ, ಒತ್ತಿದೆ, ಬಿಡಿ, ಬಿಟ್ಟೆ. ಸಂಧ್ಯಾವಂದನೆಯ ಮಂತ್ರದಂತೆ ಈ ನಾಲ್ಕು ಮಾತು ಒಂದು ಗಂಟೆ ನಡೆಯಿತು. ಬಿಗಿಯುವ ಮುನ್ನ ಕಾಲು ತೆಗೆದರೆ ಹೊರಗಿನ ಗಾಳಿ ಒಳಸೇರುತ್ತದೆ. ಮೇಲಿನ ಪಾತ್ರೆ ಬರಿದಾಗಲು ಬಿಟ್ಟರೆ ಎಲ್ಲ ಶ್ರಮವೂ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ. ಜೀಪಿನಲ್ಲಿ ಗಾಲಿಗೊಂದು ತಿರುಪು, ಇದರಲ್ಲಿ ಎರಡೆರಡು. ಬಸ್ಸುಗಳಿಗೆ ಗಾಳಿಯ ಬ್ರೇಕು ಬಂದ ಮೇಲೂ ಇಲಾಖೆಯ ಜೀಪುಗಳ ಆಯಿಲ್ ಕೆಲಸ ತಂದೆಯ ಪಾಲಿಗೇ ಬರುತ್ತಿತ್ತು. ಹಿಂದಿನ ಎರಡು ಗಾಲಿ ಮುಗಿದು ಮಗ ಏಳುವಷ್ಟರಲ್ಲಿ ತಂದೆ ಒಳಗಿನಿಂದಲೇ, "ಎಡಗಡೇದು ಆಗಿಲ್ಲ. ಇನ್ನೂ ಗಾಳಿ ಇದೆ" ಎಂದರು.

"ಗುಳ್ಳೆ ಬರ್ತಿಲ್ಲ ಅಪ್ಪ."

"ನಿನಗೆ ಕಾಣಿಸ್ತಿಲ್ಲ. ನನ್ನ ಕಾಲಿಗೆ ಗೊತ್ತಾಗ್ತಿದೆ."

ಮತ್ತೆ ತೆರೆದಾಗ ಸಾಸಿವೆ ಗಾತ್ರದ ಗುಳ್ಳೆಯೊಂದು ಪೈಪಿನಲ್ಲಿ ಮೇಲೇರಿತು.

ಮೊದಲ ಡಬ್ಬಿ ಮುಗಿದು ಎರಡನೆಯದನ್ನು ತೆರೆಯುವಾಗ ತಂದೆ ಅದನ್ನು ಕೈಗೆ ತೆಗೆದುಕೊಂಡು, ಕನ್ನಡಕದ ಕೆಳಗಿನಿಂದ ಅದರ ಮೇಲಿನ ಬರಹವನ್ನು ಓದಿದರು. ಪಂದ್ಯದ ಕಾರುಗಳಿಗೆಂದು ಮಾಡಿದ ಆ ದ್ರವದ ಕುದಿಬಿಂದು ಮುನ್ನೂರು ಡಿಗ್ರಿಗೂ ಮೇಲು.

"ಸಿಲ್ಕ್ ಬೋರ್ಡಿಗೆ ಹೋಗಿ ಬರೋದಕ್ಕೆ ಮುನ್ನೂರು ಡಿಗ್ರಿ ಯಾತಕ್ಕೆ?"

ಸೊಸೆ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಳು. ಮಗ ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಎಲ್ಲವನ್ನೂ ಹೇಳಿದ. ಮಾರ್ಗ, ದಿನಾಂಕ, ವೇಗ, ಸಹೋದ್ಯೋಗಿಯ ಕಥೆ, ವಿಮೆ ಇಲ್ಲದ ಸಂಗತಿ ಯಾವುದನ್ನೂ ಬಿಡಲಿಲ್ಲ. ತಂದೆ ನಡುವೆ ಬಾಯಿ ಹಾಕಲಿಲ್ಲ. ಬೆಳಿಗ್ಗೆ ಡಿಪೋ ಬಿಡುವ ಬಸ್ಸಿನ ಪುಸ್ತಕದಲ್ಲಿ ಮೂವತ್ತೊಂದು ವರ್ಷ ಸಹಿ ಹಾಕಿದ ಮನುಷ್ಯ, ಒಂದು ದಿನವೂ ಪೆಡಲ್ ಒತ್ತಿ ನೋಡದೆ ಸಹಿ ಹಾಕಿದವರಲ್ಲ. ಅವರು ಕೋಪಗೊಂಡರೋ ಹೆದರಿದರೋ ಮುಖ ನೋಡಿ ತಿಳಿಯುವಂತಿರಲಿಲ್ಲ.

"ಎಷ್ಟು ಡಬ್ಬಿ ತಂದಿದೀಯ?"

"ಮೂರು."

"ಸರಿ. ಮತ್ತೆ ಶುರು ಮಾಡು. ಎಡಗಡೆ ಹಿಂದಿನದರಿಂದ."

ಆ ದಿನ ಊಟ ಮಧ್ಯಾಹ್ನ ಮೂರಕ್ಕೆ ಆಯಿತು. ಕೊನೆಯದಾದ ಬಲಗಡೆಯ ಮುಂದಿನ ಗಾಲಿಯ ಬಗ್ಗೆ ತಂದೆಗೆ ಪೂರ್ತಿ ಸಮಾಧಾನ ಬರಲಿಲ್ಲವಾದರೂ ಡಬ್ಬಿಗಳು ಮುಗಿದಿದ್ದವು. ಬಣ್ಣದ ಮೇಲೆ ಸಿಡಿದಿದ್ದ ಎರಡು ಹನಿಗೆ ಅವರೇ ಚೊಂಬಿನಲ್ಲಿ ನೀರು ತಂದು ಸುರಿದರು. ಆ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಮರದ ತುಂಡನ್ನು ಒಳಗೆ ಒಯ್ಯದೆ ಕಾರಿನ ಮುಂದಿನ ಗುಳಿಯಲ್ಲಿ ಇಟ್ಟರು.

ಉಳಿದ ಸಿದ್ಧತೆ ಬೇಗ ಬೇಗ ನಡೆಯಿತು. ಬ್ರೇಕ್ ಪ್ಯಾಡುಗಳನ್ನು ಬದಲಾಯಿಸಲಾಯಿತು. ಹೊಸವು ಬಿಸಿಯಾಗುವ ತನಕ ಸೋಮಾರಿಗಳು, ಬಿಸಿಯಾದ ಮೇಲೆ ನಿಷ್ಠಾವಂತರು. ಊರೊಳಗೆ ಮಾತ್ರ ಪ್ರತಿ ಸಿಗ್ನಲಿನಲ್ಲೂ ಕಿರ್ರೆಂದು ಮಾಲೀಕನ ಮಾನ ತೆಗೆದವು. ಶಿರಸ್ತ್ರಾಣ ಬಂತು, ಬೈಕಿನದಲ್ಲ, ಒಳಪದರ ಬೇಗ ಬೆಂಕಿ ಹಿಡಿಯದ ಮೋಟಾರು ಪಂದ್ಯದ್ದು. ನೈಲಾನ್ ಅಂಗಿ ಬೇಡ, ತೋಳು ಮುಚ್ಚುವ ಹತ್ತಿಯದೇ ಆಗಬೇಕು, ಬೂಟಿನ ಅಟ್ಟೆ ತೆಳುವಾಗಿರಬೇಕು ಎಂದು ಹಿರಿಯರು ತಿಳಿಸಿದ್ದರು. ಕಾರನ್ನು ಎಳೆಯಬೇಕಾಗಿ ಬಂದರೆ ಸಿಕ್ಕಿಸುವ ಕೊಂಡಿಯನ್ನು ಎಲ್ಲರೂ ಬಲಕ್ಕೆ ತಿರುಗಿಸಿ ಸೋಲುತ್ತಾರೆ. ಅದು ಎಡಕ್ಕೆ ಬಿಗಿಯುವಂಥದು.

ಕಾರಿನೊಳಗೆ ಸಡಿಲವಾದ ಒಂದು ವಸ್ತುವೂ ಇರಬಾರದೆಂಬುದು ಇನ್ನೊಂದು ನಿಯಮ. ಕೊಡೆ, ನೀರಿನ ಸೀಸೆ, ಕಾಲೊರಸು ಎಲ್ಲವೂ ಹೊರಗೆ ಬಂದವು; ಜಾರಿದ ಕಾಲೊರಸು ಪೆಡಲಿನ ಕೆಳಗೆ ಸಿಕ್ಕಿದರೆ ಮುನ್ನೂರು ಡಿಗ್ರಿಯ ಆಯಿಲೂ ಕಾಪಾಡಲಾರದು. ತೊಡಕಾದದ್ದು ಗಣಪತಿಯ ವಿಷಯದಲ್ಲಿ. ಪೂಜೆಯ ದಿನ ತಾಯಿ ಸ್ವಹಸ್ತದಿಂದ ಅಂಟಿಸಿದ್ದ ಹೆಬ್ಬೆರಳುದ್ದದ ಬೆಳ್ಳಿಯ ಗಣಪ ಬಿಸಿಲಿಗೆ ಅಂಟು ಕರಗಿ ಆಗಲೇ ಸ್ವಲ್ಪ ವಾಲಿದ್ದ. ವಿಘ್ನನಿವಾರಕನೇ ಚಾಲಕನ ಹಣೆಗೆ ಬಡಿದರೆ? ತಾಯಿಗೆ ಇದನ್ನು ತಿಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಏಳು ವರ್ಷದ ಹುಡುಗಿ ಬಗೆಹರಿಸಿದಳು: "ಅವತ್ತು ಒಂದಿನ ಗಣಪ ಅಜ್ಜಿ ಜೊತೆ ದೇವರ ಮನೇಲಿ ಇರ್ಲಿ. ಅವನಿಗೆ ತಲೆ ಸುತ್ತತ್ತೆ."

ಗೊತ್ತಾದ ದಿನ ಮುಂಜಾನೆ ಮೂರೂವರೆಗೆ ಕಾರು ಹೊರಟಿತು. ಹೊಸೂರು, ಕೃಷ್ಣಗಿರಿ, ಅಂಬೂರು, ವೆಲ್ಲೂರು ದಾಟಿ ಎಂಟಕ್ಕೆ ಇರುಂಗಾಟ್ಟುಕೋಟ್ಟೈ. ಅಲ್ಲಿ ಮೊದಲು ಸಿಕ್ಕಿದ್ದು ಒಂದು ಅರ್ಜಿ. ಏನಾದರೂ ಸಂಭವಿಸಿದರೆ ಯಾರೂ ಹೊಣೆಯಲ್ಲವೆಂದು ಸಹಿ, ರಕ್ತದ ಗುಂಪು, ತುರ್ತಿಗೆ ಯಾರನ್ನು ಕರೆಯಬೇಕು. ಆ ಕೊನೆಯ ಸಾಲಿನಲ್ಲಿ ಹೆಂಡತಿಯ ಸಂಖ್ಯೆಯನ್ನು ಬರೆಯುವಾಗ ಅವನ ಬರವಣಿಗೆ ಸ್ವಲ್ಪ ನಿಧಾನವಾಯಿತು.

ಬಿಸಿಲೇರುವ ಮುಂಚೆ ಮೊದಲ ಸರದಿ. ಕಲಿಸುವ ಹಿರಿಯರು ಪಕ್ಕದಲ್ಲಿ ಕುಳಿತಿದ್ದರು. ಹೊಸ ಪ್ಯಾಡುಗಳನ್ನು ಹಂತಹಂತವಾಗಿ ಬಿಸಿ ಮಾಡಿ, ನಿಲ್ಲಿಸದೆ ಗಾಳಿಗೆ ಓಡಿಸಿ ತಣಿಸುವುದರಲ್ಲೇ ಆ ಸರದಿ ಕಳೆಯಿತು. ಎರಡನೆಯದರಲ್ಲಿ ಅವನಿಗೆ ತಿಳಿದದ್ದು, ತಾನು ಹದಿನೆಂಟು ವರ್ಷ ಕಾರು ಓಡಿಸಿದ್ದರೂ ಒಂದು ದಿನವೂ ಸರಿಯಾಗಿ ಬ್ರೇಕ್ ಒತ್ತಿಲ್ಲವೆಂಬುದು. ಮೊದಲೇ ಬಲವಾಗಿ ಒತ್ತಿ, ತಿರುವಿನೊಳಗೆ ಮೆಲ್ಲನೆ ಬಿಡಬೇಕು. ಊರಿನ ಅಭ್ಯಾಸ ಇದಕ್ಕೆ ತದ್ವಿರುದ್ಧ. ಹಿರಿಯರು ಹೆಚ್ಚು ಮಾತಾಡುವವರಲ್ಲ. "ಇನ್ನೂ ಮೊದಲೇ" ಎನ್ನುತ್ತಿದ್ದರು. "ಇನ್ನೂ ಮೆತ್ತಗೆ" ಎನ್ನುತ್ತಿದ್ದರು. ಒಮ್ಮೆ ಕನ್ನಡಿಯಲ್ಲಿ ಹಳೆಯ ಸಣ್ಣ ಕಾರೊಂದು ಕಾಣಿಸಿತು. ಇದರ ಕಾಲುಭಾಗವೂ ಶಕ್ತಿ ಇಲ್ಲದ ಬಡ ವಾಹನ. ಪ್ರತಿ ತಿರುವಿನಲ್ಲೂ ಅದು ಹತ್ತಿರವಾಗುತ್ತ ಬಂತು. ಕಡೆಗೆ ಕೈ ಮಾಡಿ ದಾರಿ ಬಿಟ್ಟಾಗ ಒಳಗೆ ಕಂಡದ್ದು ಕಾಲೇಜಿನ ವಯಸ್ಸಿನ ಒಬ್ಬ ಹುಡುಗಿ. ಕೈಯೆತ್ತಿ ವಂದಿಸಿ ಹೊರಟೇಹೋದಳು. ನಾನೂರು ಕುದುರೆಗಳ ಒಡೆಯನಿಗೆ ಆಗ ತಂದೆಯ ನೂರಹತ್ತು ಕುದುರೆಯ ಬಸ್ಸು ನೆನಪಾಯಿತು.

ಪ್ರತಿ ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಮುಗಿಸಿ, ಒಳಗೆ ಬಂದು, ನಿಲುಗಡೆಯ ಬ್ರೇಕನ್ನು ಹಾಕದೆ ಗಾಲಿಗೆ ತಂದೆಯ ಮರದ ತುಂಡನ್ನು ಕೊಡುತ್ತಿದ್ದ. ಕೆಂಡದಂತೆ ಕಾದ ಬ್ರೇಕನ್ನು ಬಿಗಿದು ನಿಲ್ಲಿಸಬಾರದು. ಹೊರಡುವಾಗ 28ಕ್ಕೆ ಇಳಿಸಿದ್ದ ಟೈರಿನ ಒತ್ತಡ ಹದಿನೈದು ನಿಮಿಷದಲ್ಲಿ 36ಕ್ಕೆ ಏರಿರುತ್ತಿತ್ತು. ಗಾಲಿಯ ಬೋಲ್ಟುಗಳನ್ನು ಅಳತೆಯ ಸ್ಪ್ಯಾನರಿನಿಂದ 160 ನ್ಯೂಟನ್ ಮೀಟರಿಗೆ ಮತ್ತೆ ಪರೀಕ್ಷಿಸಬೇಕು. ಪೆಟ್ರೋಲು ಲೀಟರಿಗೆ ಎರಡು ಮೂರು ಕಿಲೋಮೀಟರಿನಂತೆ ಕರಗುತ್ತಿತ್ತು. ಎದುರುಮನೆಯ ಬ್ಯಾಂಕ್ ಅಧಿಕಾರಿಗಳು ಕಂಡಿದ್ದರೆ ಅಲ್ಲಿಯೇ ಕುಳಿತುಬಿಡುತ್ತಿದ್ದರು. ಪೆಡಲ್ ಮಾತ್ರ ಕಲ್ಲಿನಂತೆ ನಿಂತಿತ್ತು.

ಮಧ್ಯಾಹ್ನದ ನಾಲ್ಕನೆಯ ಸರದಿಯಲ್ಲಿ ಹಿರಿಯರು ಪಕ್ಕದಲ್ಲಿರಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು. ಬೆಳಗಿನ ಜಾವ ಎದ್ದವನ ಕಣ್ಣು ಉರಿಯುತ್ತಿತ್ತು. ಆ ಹುಡುಗಿಯ ಸಣ್ಣ ಕಾರು ಮುಂದೆ ಕಂಡಿತು. ನೇರದಾರಿಯ ಕೊನೆಗೆ, ಪ್ರತಿ ಸಲ ಒತ್ತುತ್ತಿದ್ದ ಗುರುತನ್ನು ದಾಟಿದ ಮೇಲೆ ಒತ್ತಿದ. ಬ್ರೇಕು ಹಿಡಿಯಿತು, ಕಾಲು ತಡವಾಗಿತ್ತು. ಕಾರು ತಿರುವನ್ನು ಬಿಟ್ಟು ಅಗಲಕ್ಕೆ ಸರಿದು, ಎರಡು ಗಾಲಿ ಹುಲ್ಲಿಗಿಳಿದು, ಧೂಳೆದ್ದು, ಹಿಂಭಾಗ ಒಮ್ಮೆ ತೂಗಿ, ಹೇಗೋ ಮತ್ತೆ ಟಾರಿನ ಮೇಲೆ ಬಂತು. ಎಲ್ಲ ಸೇರಿ ಎರಡು ಸೆಕೆಂಡು. ಅಷ್ಟರಲ್ಲಿ ಅವನು ಕಂಡದ್ದು ಟೈರುಗಳ ರಾಶಿಗೆ ಬಳಿದಿದ್ದ ಬಿಳಿಯ ಬಣ್ಣ ಮಾತ್ರ.

ಅರ್ಧ ಸುತ್ತು ನಿಧಾನವಾಗಿ ಬಂದು ಒಳದಾರಿ ಹಿಡಿದ. ಸರದಿಯಲ್ಲಿ ಇನ್ನೂ ಒಂಬತ್ತು ನಿಮಿಷವಿತ್ತು. ಆಮೇಲೆ ಇನ್ನೊಂದು ಸರದಿಯೂ ಇತ್ತು, ಅದಕ್ಕೆ ಹಣವನ್ನೂ ಕಟ್ಟಿದ್ದ. ಮರದ ತುಂಡು ಕೊಟ್ಟು, ಶಿರಸ್ತ್ರಾಣ ತೆಗೆದು, ನೆರಳಿನಲ್ಲಿ ಕುಳಿತ. ಹಿರಿಯರು ಬಂದು ಒಂದು ಎಳನೀರು ಕೈಗಿತ್ತು, "ಸಾಕಾ?" ಎಂದು ಕೇಳಿದರು. "ಸಾಕು ಸರ್" ಎಂದ. ಅವರು ತಲೆಯಾಡಿಸಿದರು. ಈ ಮಾರ್ಗಗಳಲ್ಲಿ ಕಾರುಗಳು ಕೆಡುವುದು ಬಹುಪಾಲು ಸಂಜೆಯ ಸರದಿಯಲ್ಲೇ, ಇದೊಂದು ಸುತ್ತು ಎನ್ನುತ್ತಿರುವಾಗಲೇ ಎಂಬುದನ್ನು ಆಮೇಲೆ ಹೇಳಿದರು.

ಟೈರಿಗೆ ಗಾಳಿ ತುಂಬಿ, ಕೊಂಡಿ ಬಿಚ್ಚಿ, ಬಂದ ದಾರಿಯಲ್ಲೇ ಹಿಂದಿರುಗಿದ. ವೆಲ್ಲೂರಿನ ಬಳಿ ನಿಲ್ಲಿಸಿ ಹೆಂಡತಿಗೆ ದೂರವಾಣಿ ಮಾಡಿದಾಗ ಆಕೆ, "ಊಟ ಮಾಡಿದ್ರಾ?" ಎಂದಷ್ಟೇ ಕೇಳಿದಳು. ಹುಲ್ಲಿಗಿಳಿದ ವಿಷಯವನ್ನು ಅವನು ಆಗಲೇ ಹೇಳಿದ. ಆ ಕಡೆ ಸ್ವಲ್ಪ ಹೊತ್ತು ಮೌನವಿತ್ತು. "ನಿಧಾನವಾಗಿ ಬನ್ನಿ" ಎಂದಳು.

ಮನೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ಬೀದಿಯಲ್ಲಿ ಸದ್ದಿರಲಿಲ್ಲ. ವರಾಂಡದ ದೀಪ ಉರಿಯುತ್ತಿತ್ತು. ತಂದೆ ಬೆತ್ತದ ಕುರ್ಚಿಯಿಂದ ಎದ್ದು ಬಂದು ಗೇಟು ತೆಗೆದರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಎಡಗಡೆಯ ಬಾಗಿಲಿನ ಕೆಳಗೆ ಅಂಟಿದ್ದ ಒಣಹುಲ್ಲಿನ ಎಸಳನ್ನು ಕಿತ್ತು ಬೆರಳಲ್ಲಿ ಹೊರಳಿಸಿ ನೋಡಿ, ಏನೂ ಕೇಳದೆ ಬಿಸುಟರು. ಮಗ ಹೊರಗಿಳಿದಾಗ ಚಪ್ಪಲಿ ಬಿಟ್ಟು ತಾವು ಒಳಗಿಳಿದು ಕುಳಿತರು.

"ಇಂಜಿನ್ ಹಾಕು."

ಮಗ ಬಗ್ಗಿ ಚಾಲನೆ ಕೊಟ್ಟ. ತಂದೆ ಬರಿಗಾಲನ್ನು ಪೆಡಲಿನ ಮೇಲಿಟ್ಟು ಒಮ್ಮೆ ಮೆಲ್ಲನೆ ಒತ್ತಿದರು, ಬಿಟ್ಟರು, ಮತ್ತೊಮ್ಮೆ ಒತ್ತಿ ಹಾಗೆಯೇ ಹಿಡಿದು, ತಲೆಯನ್ನು ಒಂದು ಕಡೆ ವಾಲಿಸಿ, ದೂರದ ಏನನ್ನೋ ಆಲಿಸುವವರಂತೆ ಕುಳಿತರು.

"ಪರವಾಗಿಲ್ಲ" ಎಂದರು ಕಡೆಗೆ. "ಆದ್ರೆ ಆ ರೈಟ್ ಫ್ರಂಟ್ ನಾಳೆ ಬೆಳಿಗ್ಗೆ ಇನ್ನೊಂದ್ಸಲ ನೋಡೋಣ. ಆಯಿಲ್ ತಂದಿಡು."